ಹಿಡಿದುಕೊಂಡ ಬೋಲ್ಟು
(ಸಂಘದ ರವಿವಾರದ ಕೂಟದಲ್ಲಿ ಮೋಟಾರು ಕೆಲಸಗಾರರ ಬಳಗದ ಪರವಾಗಿ ಮಾಡಿದ ಭಾಷಣ)



ಕಳೆದ ಕೂಟದಲ್ಲಿ ಪ್ರಾವಿಡೆಂಟ್ ಫಂಡಿನ ವಿಷಯವಾಗಿ ಮಾತನಾಡಿದವರು ವಕೀಲರು. ಇಂದು ತಮ್ಮೆದುರು ನಿಂತಿರುವ ನಾವು ಕೈಗೆ ಗ್ರೀಸು ಹತ್ತಿದವರು. ಮಾತು ಒರಟಾದರೆ ತಾವು ಮನ್ನಿಸಬೇಕು. ನಮಗೆ ಒಪ್ಪಿಸಿದ ವಿಷಯವೂ ಒರಟಿನದೇ: ಹಳೆಯ ಕಾರಿನ ಸೈಲೆನ್ಸರ್ ಪೈಪಿನ ಬೋಲ್ಟು ತುಕ್ಕು ತಿಂದು ಹಿಡಿದುಕೊಂಡರೆ ಮನೆಯಲ್ಲಿಯೇ ಅದನ್ನು ಬಿಚ್ಚುವುದು ಹೇಗೆ?

ಇಷ್ಟಕ್ಕೊಂದು ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ. ಆದರೆ ಹೋದ ಮೇ ತಿಂಗಳಲ್ಲಿ ನಡೆದುದನ್ನು ಕೇಳಿದ ಮೇಲೆ ನಗುವುದು ಒಳ್ಳೆಯದು. ನಮ್ಮ ಸಂಘದ ಸದಸ್ಯರೊಬ್ಬರು, ಹೋಟೆಲಿನ ಗಲ್ಲೆಯಲ್ಲಿ ಕೂಡುವವರು, ಒಂದು ಹಳೆಯ ಮಾರುತಿ 800 ಕೊಂಡು ಹೆಂಡತಿ ಮಕ್ಕಳೊಡನೆ ಊರಿಗೆ ಹೊರಟರು. ಕೊಂಕಣದ ಘಾಟಿ ಏರುವಾಗ ಹಿಂದೆ ಕುಳಿತ ಮಗುವಿಗೆ ತಲೆನೋವು, ವಾಂತಿ. ತಾಯಿಗೂ ತಲೆ ಸುತ್ತಿತು. ಘಾಟಿಯ ತಿರುವಿನದೆಂದು ನಿಂಬೆಹಣ್ಣು ಮೂಸಿ ನೋಡಿದರು, ಶುಂಠಿ ತಿಂದರು. ಚಳಿಯೆಂದು ಗಾಜು ಏರಿಸಿದರು, ಕಾಯಿಲೆ ಹೆಚ್ಚಾಯಿತು. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇಳಿದು ಕೂತ ಅರ್ಧ ಗಂಟೆಯಲ್ಲಿ ಇಬ್ಬರೂ ಚೇತರಿಸಿಕೊಂಡರು. ಆಗ ಒಬ್ಬ ಲಾರಿ ಚಾಲಕರು ಕೆಳಗೆ ಬಗ್ಗಿ ನೋಡಿ, ‘ನಿಮ್ಮ ಪೈಪು ಜೋಡಿನಲ್ಲಿ ಬಿಟ್ಟಿದೆ, ಹೊಗೆಯೆಲ್ಲ ಒಳಗೆ ಬರುತ್ತಿದೆ’ ಎಂದರಂತೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ 200 ಪಾಲಿಗೂ ಮಿಗಿಲಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಜು ಏರಿಸಿ ನಿದ್ದೆ ಹೋಗಿದ್ದರೆ ಏನಾಗುತ್ತಿತ್ತೆಂದು ನಾವು ಹೇಳಬೇಕಾಗಿಲ್ಲ.

ಆ ಪೈಪು ಬಿಟ್ಟುದು ಏಕೆ? ಮುಂಬಯಿಯಲ್ಲಿ ಯಾರೋ ಪ್ಯಾಕಿಂಗು ಬದಲಾಯಿಸಲು ಹೋಗಿ, ಬೋಲ್ಟು ಮುರಿದು, ಉಳಿದ ಒಂದರಲ್ಲೇ ಬಿಗಿದು ಕೈತೊಳೆದುಕೊಂಡಿದ್ದರು.

ಈ ಬೋಲ್ಟು ಏಕೆ ಹೀಗೆ ಹಟ ಹಿಡಿಯುತ್ತದೆಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಎಂಜಿನ್ನಿನಿಂದ ಹೊರಬೀಳುವ ಅನಿಲ ಭಾರ ಎಳೆಯುವಾಗ 600 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಕಬ್ಬಿಣ ದಿನಕ್ಕೆ ಹತ್ತು ಸಲ ಕಾದು ಹತ್ತು ಸಲ ತಣಿಯುತ್ತದೆ. ಬಳಿದ ಎಣ್ಣೆ ಮೊದಲ ವಾರದಲ್ಲೇ ಸುಟ್ಟು ಹೋಗುತ್ತದೆ. ಅದರ ಮೇಲೆ ನಮ್ಮ ಕಡಲ ಗಾಳಿಯ ಉಪ್ಪು, ಜೂನಿನಿಂದ ಸೆಪ್ಟೆಂಬರಿನವರೆಗೆ ಹಿಂದ್‌ಮಾತಾದಲ್ಲಿ ನಿಲ್ಲುವ ಆ ಪುಣ್ಯತೀರ್ಥ! ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಷ್ಟು, ಅದಕ್ಕೂ ಹೆಚ್ಚು ಜಾಗ ಬೇಕು. ಮುಂಬಯಿಯ ಗ್ಯಾರೇಜುಗಳಲ್ಲಿ ‘ಆಟೆ’ ಎನ್ನುತ್ತೇವಲ್ಲ, ಆ ತಿರುಪಿನ ಎಳೆಗಳ ಸಂದಿನಲ್ಲಿ ಜಾಗವೆಲ್ಲಿದೆ? ಅಲ್ಲಿಯೇ ಬೆಳೆದು ನಟ್ಟನ್ನು ಬೋಲ್ಟಿಗೆ ಬೆಣೆ ಹೊಡೆದಂತೆ ಒತ್ತಿಬಿಡುತ್ತದೆ. ಆದುದರಿಂದ ಇದನ್ನು ಬಲದಿಂದ ಬಿಚ್ಚುತ್ತೇವೆಂಬುದು ಭ್ರಮೆ. 8 ಮಿ.ಮೀ. ಬೋಲ್ಟು ಬಿಗಿಯಲು ಸುಮಾರು ಎರಡೂವರೆ ಕೆ.ಜಿ. ಮೀಟರಿನ ತಿರುಚು ಸಾಕು. ಪಾನಾಕ್ಕೆ ಅರ್ಧ ಮೀಟರ್ ಪೈಪು ತೊಡಿಸಿ 20 ಕೆ.ಜಿ. ಭಾರ ಹಾಕಿದರೆ ಅದರ ನಾಲ್ಕರಷ್ಟಾಗುತ್ತದೆ. ಬಿಚ್ಚುವುದಿಲ್ಲ, ತುಂಡಾಗುತ್ತದೆ.

ಮುಟ್ಟುವ ಮೊದಲು ನೋಡಬೇಕಾದುದು ಒಂದು. ಇದು ಬಲಿಕೊಡಬಹುದಾದ ಬೋಲ್ಟೋ, ಉಳಿಸಲೇಬೇಕಾದ ಬೋಲ್ಟೋ? ಗಾಡಿಯ ಅಡಿಯಲ್ಲಿ ಎರಡು ಪೈಪುಗಳ ಕಿವಿಗಳನ್ನು ಕೂಡಿಸುವ, ಆಚೆಯಿಂದೀಚೆಗೆ ಹಾಯ್ದುಬಂದ ಬೋಲ್ಟಾದರೆ ಅದರೊಡನೆ ಜಗಳವೇಕೆ? ಹ್ಯಾಕ್ಸಾ ಹಿಡಿದು ಕೊಯ್ದು ಒಗೆಯಿರಿ. ಹೊಸದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಎಂಜಿನ್ನಿನ ತಲೆಯೊಳಗೆ, ಅಲ್ಯುಮಿನಿಯಮ್ಮಿನಲ್ಲಿ ಹೂತ ಸ್ಟಡ್ಡಾದರೆ ಅದು ಬೇರೆ ಮಾತು. ಅಲ್ಲಿ ಮುರಿದರೆ ತಲೆಯನ್ನೇ ಇಳಿಸಬೇಕಾದೀತು. ಒಂದು ತಿಂಗಳ ಸಂಬಳ ಹೋದೀತು.

ಗಾಡಿ ಪೂರ್ತಿ ತಣಿದಿರಲಿ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಮಲಗಕೂಡದು; ಇಟ್ಟಿಗೆಯನ್ನಂತೂ ನಂಬಲೇ ಕೂಡದು, ಅದು ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡು ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿ ಹೋಗಿ. ತುಕ್ಕಿನ ಪುಡಿ ಬೀಳುವುದು ನೆಟ್ಟಗೆ ಕಣ್ಣಿಗೇ.

ಮೊದಲು ತಂತಿ ಬ್ರಷ್ಷಿನಿಂದ ಹೊರಗೆ ಚಾಚಿದ ಆಟೆಯನ್ನು ಉಜ್ಜಿರಿ. ಎಷ್ಟೋ ಜನ ಇದನ್ನು ಬಿಟ್ಟು ಎಣ್ಣೆಗೆ ಓಡುತ್ತಾರೆ. ಮಣ್ಣು ತುಕ್ಕುಗಳ ಮೇಲೆ ಸುರಿದ ಎಣ್ಣೆ ಮಣ್ಣಿಗೇ ಹೋಗುತ್ತದೆ. ಆಮೇಲೆ ತುಕ್ಕು ಸಡಿಲಿಸುವ ತೆಳ್ಳನೆಯ ಎಣ್ಣೆ ಹಾಕಿ, ಸುತ್ತಿಗೆಯಿಂದ ನಟ್ಟಿನ ಪಕ್ಕಕ್ಕೆ ಸಣ್ಣ ಸಣ್ಣ ಪೆಟ್ಟು ಕೊಡಿ. ಪೆಟ್ಟಿನ ನಡುಕಕ್ಕೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ರಾತ್ರಿ ಹಾಕಿ, ಬೆಳಿಗ್ಗೆ ಹಾಕಿ, ಮತ್ತೆ ಸಂಜೆ ಹಾಕಿ. ಒಂದು ದಿನದ ಕಾಯುವಿಕೆ ಉಳಿಸಿಕೊಡುವಷ್ಟನ್ನು ಯಾವ ಹತಾರವೂ ಉಳಿಸದು. ನಾಳೆ ಬೆಳಿಗ್ಗೆ ಪ್ರಯಾಣ ಹೊರಡುವುದಾದರೆ ಇಂದು ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಪಾನಾ ಯಾವುದು? ಆರು ಮೂಲೆಯ ಸಾಕೆಟ್ಟು. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವರಿಬಿಡುತ್ತದೆ. ಬಾಯಿ ತೆರೆದ ಪಾನಾ ಅದಕ್ಕಿಂತ ಕೇಡು. ಮೊದಲ ತಿರುವು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು. ‘ಕಿರ್’ ಎಂದರೆ ತುಕ್ಕಿನ ಹಿಡಿತ ಬಿಟ್ಟಿತು. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತನ್ನಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಕೆಳಗೆ ಅಂಗಾತ ಮಲಗಿದಾಗ ಎಡಬಲ ತಿಳಿಯದೆ ಬಿಚ್ಚುತ್ತೇನೆಂದು ಬಿಗಿದವರನ್ನು ನಾವು ಕಂಡಿದ್ದೇವೆ. ಮುಖವನ್ನು ನಟ್ಟಿಗೆ ಎದುರಾಗಿ ಇಟ್ಟುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕೆಂಬುದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಿ. ತಿರುಗುವಾಗ ಕೈಗೆ ಮೇಣದಂತೆ ಮೆತ್ತಗೆ ಸಿಕ್ಕಿತೋ, ನಿಲ್ಲಿಸಿ. ಸ್ಟಡ್ಡು ತಿರುಚಿಕೊಳ್ಳುತ್ತಿದೆ, ಮುರಿಯುವುದಕ್ಕೆ ಇನ್ನೊಂದೇ ಎಳೆತ.

ಇಷ್ಟಕ್ಕೂ ಬಗ್ಗದಿದ್ದರೆ ಬೆಂಕಿ. ನಟ್ಟು ಸ್ಟಡ್ಡಿಗಿಂತ 400 ಡಿಗ್ರಿ ಹೆಚ್ಚು ಕಾದರೆ 8 ಮಿ.ಮೀ. ತೂತು ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಅರ್ಧ ಕೂದಲಿನ ದಪ್ಪ, ಆದರೆ ಅದೇ ಸಾಕು. ನಟ್ಟನ್ನು ಮಾತ್ರ ಮಂದ ಕೆಂಪಾಗುವಂತೆ ಬೇಗ ಕಾಯಿಸಿ, ಕೆಂಪು ಆರಿದ ಮೇಲೆ ಮೇಣದ ಬತ್ತಿಯ ತುದಿ ತಗಲಿಸಿದರೆ ಮೇಣ ಕರಗಿ ಆಟೆಯೊಳಕ್ಕೆ ಇಳಿಯುತ್ತದೆ, ಆಗ ತಿರುಗಿಸಿ. ನಮ್ಮ ಹಳೆಯ ಮೇಸ್ತ್ರಿಗಳು ಇದೊಂದನ್ನು ಮಂತ್ರದಂತೆ ಕಾಪಾಡಿಕೊಂಡಿದ್ದರು.

ಆದರೆ ಇಲ್ಲಿ ಕೈಮುಗಿದು ಹೇಳುತ್ತೇವೆ. ಈ ನಗರದ ಬಹಳ ಗಾಡಿಗಳಲ್ಲಿ ಸಿ.ಎನ್.ಜಿ. ಸಿಲಿಂಡರಿದೆ. ಅಂಥ ಗಾಡಿಗೆ ಮನೆಯಲ್ಲಿ ಬೆಂಕಿ ಹಚ್ಚುವ ಮಾತೇ ಬೇಡ, ಗ್ಯಾರೇಜಿಗೆ ಒಯ್ಯಿರಿ. ಪೆಟ್ರೋಲಿನದಾದರೂ ಪೆಟ್ರೋಲ್ ನಳಿಗೆ, ಬ್ರೇಕಿನ ನಳಿಗೆ, ಅಡಿಗೆ ಬಳಿದ ಡಾಂಬರು ಎಲ್ಲಿವೆಯೆಂದು ನೋಡಬೇಕು. ಹಾಕಿದ ಎಣ್ಣೆ ಒರೆಸಬೇಕು. ಮಗ್ಗುಲಲ್ಲಿ ಬೆಂಕಿ ಆರಿಸುವ ಸಿಲಿಂಡರು ಇರಬೇಕು. ಬ್ರೇಕ್ ತೊಳೆಯುವ ಕ್ಲೋರಿನ್ ಬೆರೆತ ದ್ರವ ಹಾಕಿದ ಜಾಗವನ್ನು ಕಾಯಿಸಿದರೆ ವಿಷಾನಿಲ ಏಳುತ್ತದೆ. ಇನ್ನೊಂದು ಗುಟ್ಟು: ಅಲ್ಯುಮಿನಿಯಮ್ ಕೆಂಪಾಗುವುದಿಲ್ಲ. 660 ಡಿಗ್ರಿಯಲ್ಲಿ, ಯಾವ ಸೂಚನೆಯನ್ನೂ ಕೊಡದೆ, ಕುಸಿದು ನೀರಾಗುತ್ತದೆ. ತಲೆಯ ಬಳಿ ಜ್ವಾಲೆ ಹಿಡಿದು ನಿಂತುಬಿಡಬಾರದು.

ಇಷ್ಟೆಲ್ಲ ಆಗಿಯೂ ಮುರಿಯಿತು ಎನ್ನಿ. ಮುರಿಯುತ್ತದೆ, ನಮ್ಮ ಕೈಯಲ್ಲೂ ಮುರಿದಿದೆ. ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ವೆಲ್ಡರನನ್ನು ಕರೆಸಿ, ಬ್ಯಾಟರಿಯ ತಂತಿ ಕಳಚಿ, ಅದರ ಮೇಲೊಂದು ನಟ್ಟು ಬೆಸೆಸಿ. ಬೆಸುಗೆಯ ಕಾವಿಗೇ ತುಕ್ಕು ಸಡಿಲಿ, ಹೊಸ ನಟ್ಟಿನೊಡನೆ ತುಂಡು ಹೊರಬರುವುದುಂಟು. ಒಳಗೇ ಮುರಿದಿದ್ದರೆ ಅರದಿಂದ ಮುಖ ಸಮ ಮಾಡಿ, ನಟ್ಟನಡುವೆ ಪಂಚು ಹೊಡೆದು, 3 ಮಿ.ಮೀ. ಡ್ರಿಲ್ಲಿನಿಂದ ನಿಧಾನ ಕೊರೆದು, 5ಕ್ಕೆ ಏರಿಸಿ, 8 ಮಿ.ಮೀ. ಸ್ಟಡ್ಡಾದರೆ 6.8ಕ್ಕೆ ನಿಲ್ಲಿಸಿ ಟ್ಯಾಪು ಹಾಯಿಸಬೇಕು. ಪಂಚು ಒಂದು ಕೂದಲು ಆಚೆ ಬಿದ್ದರೆ ಡ್ರಿಲ್ಲು ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯುಮಿನಿಯಮ್ಮಿಗೆ ಜಾರುತ್ತದೆ. ‘ಈಜಿ ಔಟ್’ ಎಂಬ ಹತಾರವನ್ನು ಯಾರಾದರೂ ಕೊಟ್ಟರೆ ಹೆಸರು ನೋಡಿ ಮೋಸಹೋಗಬೇಡಿ. ನಾವು ಒಮ್ಮೆ ಅದನ್ನು ಸ್ಟಡ್ಡಿನೊಳಗೇ ಮುರಿದೆವು. ಅದು ಎಷ್ಟು ಗಟ್ಟಿಯೆಂದರೆ ನಮ್ಮ ಯಾವ ಡ್ರಿಲ್ಲೂ ಅದನ್ನು ಗೀರಲಿಲ್ಲ. ಮೇಸ್ತ್ರಿ ಬೈಯಲಿಲ್ಲ, ಸುಮ್ಮನೆ ತಲೆ ಇಳಿಸಲು ಶುರುಮಾಡಿದರು, ಬೈದಿದ್ದರೇ ಹಗುರವಾಗುತ್ತಿತ್ತು.

ಮರಳಿ ಕೂಡಿಸುವಾಗ ಆಟೆ ಶುಚಿಮಾಡಿ, ಹೊಸ ನಟ್ಟು, ಹೊಸ ಪ್ಯಾಕಿಂಗು ಹಾಕಿ. ಹಿತ್ತಾಳೆ ನಟ್ಟು ಸಿಕ್ಕರೆ ಇನ್ನೂ ಲೇಸು, ಅದು ತುಕ್ಕು ಹಿಡಿಯದು. ಆಟೆಗೆ ತಾಮ್ರದ ಗ್ರೀಸು ತೆಳ್ಳಗೆ ಸವರಿ, ಜಾರು ಹೆಚ್ಚಿರುವುದರಿಂದ ಬಿಗಿತ ಸ್ವಲ್ಪ ಕಡಿಮೆಯಿಡಿ. ಆಕ್ಸಿಜನ್ ಸೆನ್ಸರಿನ ಮೂತಿಗೆ ಮಾತ್ರ ಅದು ತಾಗಬಾರದು. ಒಂದನ್ನೇ ಕೊನೆಯವರೆಗೆ ಬಿಗಿಯದೆ ಅತ್ತಿತ್ತ ಸರದಿಯಲ್ಲಿ ಬಿಗಿಯಿರಿ.

ಕೊನೆಗೆ ಗಾಡಿಯನ್ನು ಬಯಲಿಗೆ ತಂದು ಚಾಲೂ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂದೂ ಬೇಡ. ಒಬ್ಬರು ಹಿಂದಿನ ಬಾಯಿಗೆ ದಪ್ಪ ಬಟ್ಟೆ ಒಂದೆರಡು ಕ್ಷಣ ಒತ್ತಿ ಹಿಡಿದರೆ, ಜೋಡು ಬಿಟ್ಟಿದ್ದಲ್ಲಿ ‘ಸುಸ್’ ಎನ್ನುವುದು ಇನ್ನೊಬ್ಬರಿಗೆ ಕೇಳಿಸುತ್ತದೆ. ನೂರು ಕಿಲೋಮೀಟರು ಓಡಿದ ಮೇಲೆ ತಣಿದ ಎಂಜಿನ್ನಿನಲ್ಲಿ ನಟ್ಟುಗಳನ್ನು ಮತ್ತೊಮ್ಮೆ ಕೈಯಾಡಿಸಿ ನೋಡಿ.

ನಾವು ಹೇಳಿದ ಆ ಸದಸ್ಯರ ಗಾಡಿಯ ಮುರಿದ ಸ್ಟಡ್ಡು ಈ ಮೇಜಿನ ಮೇಲಿದೆ, ಅವರೇ ತಂದುಕೊಟ್ಟಿದ್ದಾರೆ. ಚಹಾ ಆದ ಮೇಲೆ ಒಂದು ಹಳೆಯ ಪೈಪಿನ ಮೇಲೆ ಮೇಣದ ಕೆಲಸ ಮಾಡಿ ತೋರಿಸುತ್ತೇವೆ. ಬಿಳಿ ಅಂಗಿ ತೊಟ್ಟವರು ಸ್ವಲ್ಪ ದೂರ ನಿಲ್ಲಬೇಕೆಂದು ಪ್ರಾರ್ಥನೆ.