ಒಂದು ಡಿಸ್ಕ್, ಹತ್ತು ಕಂಪ್ಯೂಟರ್

ಗೆಟ್ಟವಾಡಿಯ ಗೆಳೆಯರೇ, ಮನೆ, ಶಾಲೆ, ಸಂಘದಲ್ಲಿ ಹಳೇ ಕನ್ನಡ ಸಿಡಿ, ಡಿವಿಡಿ ಇದ್ರೆ ಎಸೀಬೇಡಿ. ಗೀರು ಬಿದ್ದು ಹಾಳಾದ್ರೆ ಈ ಬೆಟ್ಟದ ಊರಲ್ಲಿ ಇನ್ನೊಂದು ಪ್ರತಿ ಸಿಗೋದು ಕಷ್ಟ. ಹೊಸ ಲ್ಯಾಪ್‌ಟಾಪಲ್ಲಿ ಡಿಸ್ಕ್ ಹಾಕೋ ಜಾಗಾನೇ ಇರಲ್ಲ.

ಆಫೀಸಿನಲ್ಲಿ ನಾವು ಮಾಡೋದನ್ನೇ ಇಲ್ಲೂ ಮಾಡೋಣ. ಡ್ರೈವ್ ಇರುವ ಒಂದು ಕಂಪ್ಯೂಟರ್ ಸಾಕು. ಡ್ರೈವನ್ನೇ ನೇರವಾಗಿ ಶೇರ್ ಮಾಡಿದ್ರೆ, ನಾಲ್ಕು ಜನ ಒಟ್ಟಿಗೆ ತೆರೆದಾಗ ಓದುವ ಲೆನ್ಸ್ ಅತ್ತಿಂದಿತ್ತ ಓಡಾಡಿ ಎಲ್ಲರಿಗೂ ನಿಧಾನ. ಅದಕ್ಕೇ ಡಿಸ್ಕನ್ನು ಐಎಸ್‌ಒ ಫೈಲಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿ. ಸಿಡಿಗೆ ಸುಮಾರು 700 ಎಂಬಿ, ಒಂದು ಪದರದ ಡಿವಿಡಿಗೆ 4.7 ಜಿಬಿ ಜಾಗ ಬೇಕು. ಹಾಡಿನ ಸಿಡಿಯಾದ್ರೆ ಎಂಪಿ3 ಮಾಡಿ. ಫೋಲ್ಡರನ್ನು 'ಓದಲು ಮಾತ್ರ' ಅಂತ ಶೇರ್ ಮಾಡಿ, ಯಾರೂ ಅಳಿಸೋಕಾಗಲ್ಲ. ವಿಂಡೋಸ್ 8ರಿಂದೀಚೆಗೆ ಐಎಸ್‌ಒ ಡಬಲ್ ಕ್ಲಿಕ್‌ಗೇ ತೆರೆಯುತ್ತೆ.

ಮಾರಾಟದ ಡಿಸ್ಕಾದ್ರೆ ಹಕ್ಕುದಾರರನ್ನು ಕೇಳಿಯೇ ಹಂಚೋಣ. ಮೊದಲು ಶಾಲೆಯ ಬೀರು ತೆರೆಯೋಣ, ಬನ್ನಿ.