ವಾಸ ಯಾವ ಊರು?



ಮನೆ ಕಟ್ಟಿಕೊಳ್ಳಲು ಸರಕಾರ ಸಹಾಯಧನ ಕೊಡುವಾಗ ಕೇಳುವ ಪ್ರಶ್ನೆಗಳಲ್ಲಿ ತೀರ ಸುಲಭವಾಗಿ ಕಾಣುವುದು ‘ನಿಮ್ಮ ವಾಸ ಎಲ್ಲಿ?’ ಎಂಬುದು. ತಂಟೆ ಹುಟ್ಟುವುದೂ ಅಲ್ಲಿಯೇ.

ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡದಂಥ ಊರಿನಲ್ಲಿ ಒಂದು ಕುಟುಂಬವಿದೆಯೆಂದು ಊಹಿಸಿಕೊಳ್ಳಿ. ಗಂಡಹೆಂಡತಿ ವರ್ಷದ ಎಂಟು ತಿಂಗಳು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿರುತ್ತಾರೆ. ಊರಿನಲ್ಲಿ ವಯಸ್ಸಾದ ತಾಯಿ, ಸೋರುವ ಮಾಳಿಗೆ, ಒಂದು ರೇಶನ್ ಕಾರ್ಡು. ಗ್ರಾಮಸಭೆಯಲ್ಲಿ ಹೆಸರು ಓದಿದ ಕೂಡಲೆ ಯಾರೋ ಎದ್ದು, ‘ಅವರು ಊರಾಗ ಇರೂದ ಇಲ್ಲ, ಅವರಿಗ್ಯಾಕ ಮನಿ?’ ಎನ್ನುತ್ತಾರೆ. ಹಾಗೆ ಕೇಳುವವರದು ತಪ್ಪೆನ್ನಲಾಗದು. ಕಟ್ಟಿದ ಮನೆಗೆ ಬೀಗ ಬಿದ್ದರೆ ಸೂರಿಲ್ಲದ ಇನ್ನೊಬ್ಬರ ಪಾಲು ಹೋದಂತೆಯೇ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ನೆರವು ಗೊತ್ತುಮಾಡಲಾಯಿತು. ಫಲಾನುಭವಿಗಳ ಪಟ್ಟಿಗೆ ಆಗ ಆಧಾರವಾಗಿದ್ದದ್ದು 2011ರ ಸಾಮಾಜಿಕ-ಆರ್ಥಿಕ ಗಣತಿ. ಅದನ್ನು ಪರಿಶೀಲಿಸುವ ಹೊಣೆ ಗ್ರಾಮಸಭೆಯದು. ಬಿಟ್ಟುಹೋದವರನ್ನು ಹುಡುಕಲು 2018ರಲ್ಲಿ ಮತ್ತೆ ಸಮೀಕ್ಷೆ ನಡೆಸಬೇಕಾಯಿತು. ಗಣತಿದಾರ ಬಂದ ದಿನ ದುಡಿಯಲು ಹೋದವರು ಮನೆಯಲ್ಲಿ ಸಿಗುವುದು ಕಷ್ಟವಷ್ಟೆ!

ಇಲ್ಲಿ ಇನ್ನೊಂದು ಕಾನೂನನ್ನು ನೋಡಿ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಮು ಎರಡು ಮಾತು ಹೇಳುತ್ತದೆ. ಮನೆ ಇದೆಯೆಂದ ಮಾತ್ರಕ್ಕೆ ಒಬ್ಬನು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗುವುದಿಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ನಿವಾಸಿತನ ತಪ್ಪುವುದೂ ಇಲ್ಲ. ಇದು ಮತದಾರರ ಪಟ್ಟಿಯ ನಿಯಮ, ವಸತಿ ಯೋಜನೆಯದಲ್ಲ, ನಿಜ. ಆದರೆ ಗ್ರಾಮಸಭೆಯ ಸದಸ್ಯರೆಂದರೆ ಮತದಾರರ ಪಟ್ಟಿಯಲ್ಲಿರುವವರೇ. ಓಟಿಗೆ ಊರಿನವ, ಮನೆಗೆ ಪರಊರಿನವ ಎಂಬುದು ನನಗೆ ಸರಿಕಾಣುವುದಿಲ್ಲ.

ಆಸ್ಟ್ರೇಲಿಯದಲ್ಲಿ 2000ದ ಜುಲೈ 1ರಿಂದ ಮೊದಲ ಮನೆ ಕೊಳ್ಳುವವರಿಗೆ 7,000 ಡಾಲರ್ ಅನುದಾನ ಆರಂಭವಾಯಿತು. ಮುಂದೆ ಅಲ್ಲಿನ ಹಲವು ರಾಜ್ಯಗಳಲ್ಲಿ, 12 ತಿಂಗಳೊಳಗೆ ಆ ಮನೆಗೆ ಬಂದು ಕನಿಷ್ಠ 6 ತಿಂಗಳು ಎಡೆಬಿಡದೆ ವಾಸಿಸಬೇಕೆಂಬ ನಿಯಮ ಬಂತು. ವಾಸಿಸಿಲ್ಲವೆಂದು ಹಣ ಹಿಂದಕ್ಕೆ ಕೇಳಿದಾಗ ಜನ ನ್ಯಾಯಮಂಡಳಿಗೆ ಹೋದರು. ಅಲ್ಲಿ ಸಾಕ್ಷಿ ನುಡಿದದ್ದು ಅನೇಕ ಸಲ ವಿದ್ಯುತ್ ಬಿಲ್ಲು! ದೀಪ ಉರಿದಿದೆಯೋ, ನೀರು ಖರ್ಚಾಗಿದೆಯೋ ಎಂದು ನೋಡಿ ಒಬ್ಬನ ವಾಸ ತೀರ್ಮಾನಿಸುವುದು ವಿಚಿತ್ರವೆನಿಸಬಹುದು. ಆದರೂ ಅಲ್ಲಿ ಕಾರಣವನ್ನು ಬರೆದು ಕೊಡುತ್ತಾರೆ.

ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಿ. ಒಂದು ಹೆಸರು ಹೊಡೆದು ಹಾಕುವಾಗ ನಡಾವಳಿ ಪುಸ್ತಕದಲ್ಲಿ ‘ಊರಲ್ಲಿಲ್ಲ’ ಎಂದಷ್ಟೇ ಬರೆಯುತ್ತಾರೋ, ಎಷ್ಟು ದಿನದಿಂದ, ಯಾವ ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ ಬರೆಯುತ್ತಾರೋ ಗಮನಿಸಿ. ಕೇಳದಿದ್ದರೆ ನೀವೇ ಎದ್ದು ಕೇಳಿ.