ಕರುವಿನ ಭೇದಿಗೆ ಸಕ್ಕರೆ ನೀರು ಏಕೆ ಸಲ್ಲದು?

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸ)



ಭೇದಿ ಹತ್ತಿದ ಎಳೆಗರುವಿಗೆ ಬೆಲ್ಲದ ನೀರು ಅಥವಾ ಸಕ್ಕರೆ-ಉಪ್ಪಿನ ನೀರು ಕುಡಿಸುವ ವಾಡಿಕೆ ನಮ್ಮಲ್ಲಿದೆ. ಮಕ್ಕಳಿಗೆ ಸಕ್ಕರೆ-ಉಪ್ಪಿನ ನೀರು ಒಳ್ಳೆಯ ಮನೆಮದ್ದು. ಕರುವಿಗೆ ಹಾಗಲ್ಲ. ಕಾರಣ ತಿಳಿಯಬೇಕಾದರೆ ಕರುಳಿನ ಜೀವಕೋಶಗಳೊಳಕ್ಕೆ ನೀರು ಹೇಗೆ ಹೋಗುತ್ತದೆ, ಹೇಗೆ ಹೊರಬರುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆ ಇದೆ. ನೀರು ಈ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಉಪ್ಪು, ಸಕ್ಕರೆ ತಾವಾಗಿಯೇ ದಾಟಲಾರವು. ಇವುಗಳ ಅಂಶ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ನೀರು ಹರಿಯುತ್ತದೆ. ಇದೇ ಅಭಿಸರಣೆ. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಹೋಳು ಮುದುಡುತ್ತದೆ. ನೀರಿಗೆ ಹಾಕಿದ ಒಣದ್ರಾಕ್ಷಿ ಉಬ್ಬುತ್ತದೆ. ಎರಡಕ್ಕೂ ನಿಯಮ ಒಂದೇ.

ಹಾಗಾದರೆ ಉಪ್ಪು ಒಳಹೋಗುವುದು ಹೇಗೆ? ಪೊರೆಯಲ್ಲಿ ಅದಕ್ಕೆಂದೇ ಬಾಗಿಲುಗಳಿವೆ. ಕರುಳಿನ ಒಂದು ಮುಖ್ಯ ಬಾಗಿಲಿನಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿಯೇ ಒಳಹೋಗುತ್ತವೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಇದನ್ನು 1960ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು. ಇಂದಿನ ಓ.ಆರ್.ಎಸ್. ಪೊಟ್ಟಣದ ಹಿಂದಿರುವುದು ಇದೇ ತತ್ವ.

ಹುಟ್ಟಿದ ಮೊದಲ ಕೆಲವು ದಿನಗಳ ಭೇದಿಗೆ ಅನೇಕ ವೇಳೆ ಈ-ಕೋಲೈ ರೋಗಾಣು ಕಾರಣ. ಅದರ ವಿಷದಿಂದ ಜೀವಕೋಶದ ಲವಣ ಕರುಳಿಗೆ ಸುರಿಯುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಆದರೆ ಸೋಡಿಯಂ-ಗ್ಲೂಕೋಸ್ ಬಾಗಿಲು ಕೆಡುವುದಿಲ್ಲ. ಕರುವನ್ನು ಉಳಿಸಲು ನಮಗಿರುವ ದಾರಿ ಅದೇ.

ಇನ್ನು ಸಕ್ಕರೆಯ ಮಾತು. ಸಕ್ಕರೆ, ಬೆಲ್ಲ ಎರಡರಲ್ಲೂ ಇರುವುದು ಮುಖ್ಯವಾಗಿ ಸುಕ್ರೋಸ್. ಅದನ್ನು ಒಡೆದರೆ ಮಾತ್ರ ಗ್ಲೂಕೋಸ್ ಸಿಗುತ್ತದೆ. ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿದೆ, ಕರುವಿನ ಕರುಳಿನಲ್ಲಿಲ್ಲ. ಕುಡಿಸಿದ ಸಕ್ಕರೆ ಕರುಳಿನಲ್ಲೇ ಉಳಿದು, ಉಪ್ಪಿನಕಾಯಿಯಲ್ಲಿ ಆದಂತೆ, ಮೈಯ ನೀರನ್ನೇ ಎಳೆದುಕೊಳ್ಳುತ್ತದೆ. ಭೇದಿ ಇನ್ನೂ ಹೆಚ್ಚುತ್ತದೆ.

30 ಕಿಲೋ ತೂಕದ ಕರು ಒಂದೂವರೆ ಲೀಟರ್ ನೀರು ಕಳೆದುಕೊಂಡರೆ ಸೊರಗಿದ್ದು ಕಾಣುತ್ತದೆ. ನಾಲ್ಕು ಲೀಟರ್ ಕಳೆದುಕೊಂಡರೆ ಜೀವಕ್ಕೇ ಅಪಾಯ. ಆದ್ದರಿಂದ ತಡಮಾಡದೆ ಹೀಗೆ ಮಾಡಿ:

1. ಕರುಗಳಿಗಾಗಿ ತಯಾರಿಸಿದ ಎಲೆಕ್ಟ್ರೋಲೈಟ್ ಪುಡಿ ಉತ್ತಮ. ಸಿಗದಿದ್ದರೆ ಪ್ರಥಮ ಚಿಕಿತ್ಸೆಗೆ ಔಷಧಿ ಅಂಗಡಿಯ ಓ.ಆರ್.ಎಸ್. ಆಗಬಹುದು.

2. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬೆರೆಸಿ. ದ್ರಾವಣ ಗಟ್ಟಿಯಾದರೆ ಅದೂ ನೀರನ್ನು ಕರುಳಿಗೆ ಎಳೆಯುತ್ತದೆ.

3. ಉಗುರುಬೆಚ್ಚಗೆ ಮಾಡಿ, ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರಿನಂತೆ ದಿನಕ್ಕೆ ಎರಡು-ಮೂರು ಸಲ ಕುಡಿಸಿ.

4. ಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ದ್ರಾವಣವನ್ನು ಹಾಲಿನೊಂದಿಗೆ ಬೆರೆಸದೆ ಎರಡು ಗಂಟೆ ಅಂತರ ಬಿಡಿ.

5. ಕರು ಏಳದಿದ್ದರೆ, ಬಾಯಿ ತಣ್ಣಗಾಗಿದ್ದರೆ, ಬೆರಳು ಚೀಪದಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋದೀತು. ಕೂಡಲೇ ಪಶುವೈದ್ಯರನ್ನು ಕರೆಸಿ. ಆಗ ರಕ್ತನಾಳದ ಮೂಲಕವೇ ದ್ರಾವಣ ಕೊಡಬೇಕಾಗುತ್ತದೆ.

ಕೊನೆಯದಾಗಿ ಗಿಣ್ಣು ಹಾಲಿನ ಬಗ್ಗೆ ಒಂದು ಮಾತು. ಅದರಲ್ಲಿರುವ ರೋಗನಿರೋಧಕ ವಸ್ತುಗಳು ದೊಡ್ಡವು. ಹುಟ್ಟಿದ ಕರುವಿನ ಕರುಳಿನ ಕೋಶಗಳು ಅವನ್ನು ಇಡಿಯಾಗಿ ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಆದರೆ ಗಂಟೆ ಗಂಟೆಗೂ ಈ ಶಕ್ತಿ ಕುಂದುತ್ತಾ 24 ಗಂಟೆಗಳಲ್ಲಿ ನಿಂತೇ ಹೋಗುತ್ತದೆ. ಕಸ ಬೀಳಲಿ ಎಂದು ಕಾಯದೆ, ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಭೇದಿಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ. ಇಂದಿನ ಕರುವೇ ನಾಳಿನ ಹಸು ಎಂಬುದನ್ನು ತಾವು ಬಲ್ಲಿರಿ.